ಸೋಂಕು ಹರಡುವಿಕೆಗೆ ಗಣಿತ ಮಾದರಿಯನ್ನು ಕಟ್ಟುವ ಬಗೆ

ಸಾಂಕ್ರಾಮಿಕ ರೋಗವೊಂದು ಹೇಗೆ ಹಬ್ಬುತ್ತದೆ ಎಂಬುದನ್ನು ಲೆಕ್ಕ ಹಾಕಲು ಮೊದಲು ಇಡೀ ಜನಸಂಖ್ಯೆಯನ್ನು ಮೂರು ಗುಂಪುಗಳಾಗಿ ವಿಂಗಡಿಸಿಕೊಳ್ಳಿ: ಇನ್ನೂ ಸೋಂಕು ತಗುಲದೆ ಮುಂದೆ ತಗುಲಬಹುದಾದವರು, ಈಗ ಸೋಂಕು ಹರಡುತ್ತಿರುವವರು, ಮತ್ತು ಚೇತರಿಸಿಕೊಂಡೋ ಮೃತಪಟ್ಟೋ ಲೆಕ್ಕದಿಂದ ಹೊರಬಿದ್ದವರು. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ವಿಜ್ಞಾನಿಗಳು 1927ರಲ್ಲಿ ಪ್ರಕಟಿಸಿದ ಸಿದ್ಧಾಂತದಿಂದ ಬಂದ ಈ ಚೌಕಟ್ಟನ್ನು ಎಸ್‌ಐಆರ್ ಮಾದರಿ (ಈ ಮೂರು ಗುಂಪುಗಳ ಇಂಗ್ಲಿಷ್ ಹೆಸರುಗಳಾದ ಸಸೆಪ್ಟಿಬಲ್, ಇನ್ಫೆಕ್ಷಿಯಸ್, ರಿಮೂವ್ಡ್ ಪದಗಳ ಮೊದಲಕ್ಷರಗಳು) ಎನ್ನುತ್ತಾರೆ. ಎಲ್ಲರೂ ಎಲ್ಲರೊಂದಿಗೆ ಸಮಾನವಾಗಿ ಬೆರೆಯುತ್ತಾರೆ, ಒಮ್ಮೆ ಚೇತರಿಸಿಕೊಂಡವರಿಗೆ ಸೋಂಕು ಮರುಕಳಿಸುವುದಿಲ್ಲ ಎಂಬ ಊಹೆಗಳು ಇದರಲ್ಲಿ ಅಡಗಿರುವುದರಿಂದ, ಅವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಬೇಕಾಗುವುದು ಎರಡೇ ದರಗಳು. ಎಲ್ಲರಿಗೂ ಸೋಂಕು ತಗುಲಬಹುದಾದ ಸಮುದಾಯದಲ್ಲಿ ಒಬ್ಬ ಸೋಂಕಿತ ದಿನಕ್ಕೆ ಸರಾಸರಿ ಎಷ್ಟು ಮಂದಿಗೆ ಸೋಂಕು ದಾಟಿಸುತ್ತಾನೆ ಎಂಬುದು ಬೀಟಾ. ಅವನು ಸೋಂಕು ಹರಡುವ ಸರಾಸರಿ ದಿನಗಳಿಂದ 1ನ್ನು ಭಾಗಿಸಿದರೆ ಸಿಗುವುದು ಗಾಮಾ. ಸ್ಪ್ರೆಡ್‌ಶೀಟ್‌ನಲ್ಲಿ ದಿನಕ್ಕೊಂದು ಸಾಲು ಮಾಡಿ. ಬೀಟಾವನ್ನು ಸೋಂಕಿತರ ಸಂಖ್ಯೆಯಿಂದಲೂ ಸೋಂಕು ತಗುಲಬಹುದಾದವರ ಸಂಖ್ಯೆಯಿಂದಲೂ ಗುಣಿಸಿ ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ ಅಂದಿನ ಹೊಸ ಸೋಂಕುಗಳು ಸಿಗುತ್ತವೆ. ಗಾಮಾವನ್ನು ಸೋಂಕಿತರ ಸಂಖ್ಯೆಯಿಂದ ಗುಣಿಸಿದರೆ ಹೊರಬೀಳುವವರು. ಹೊಸ ಸೋಂಕುಗಳನ್ನು ಸೋಂಕು ತಗುಲಬಹುದಾದವರಿಂದ ಕಳೆದು ಸೋಂಕಿತರಿಗೆ ಕೂಡಿಸಿ, ಹೊರಬೀಳುವವರನ್ನು ಸೋಂಕಿತರಿಂದ ಕಳೆದರೆ ಮುಂದಿನ ಸಾಲು ಸಿದ್ಧ. 1,000 ಜನರಲ್ಲಿ ಒಬ್ಬನಿಗೆ ಸೋಂಕಿದ್ದು, ಬೀಟಾ 0.4, ಗಾಮಾ 0.2 ಇದ್ದರೆ, ಮೊದಲ ದಿನದ ಕೊನೆಗೆ ಸೋಂಕಿತರು 1.2ರಷ್ಟು, ಎರಡನೆಯ ದಿನದ ಕೊನೆಗೆ 1.44ರಷ್ಟು. ಮನುಷ್ಯರ ಲೆಕ್ಕದಲ್ಲಿ ದಶಮಾಂಶ ಬಂದದ್ದಕ್ಕೆ ಗಾಬರಿ ಬೇಡ, ಇವು ಸರಾಸರಿಗಳು. ಲೆಕ್ಕದ ಹೆಜ್ಜೆಯನ್ನು, ಅಂದರೆ ಎರಡು ಸಾಲುಗಳ ನಡುವಿನ ಕಾಲವನ್ನು, ಒಂದು ದಿನದಿಂದ ಕಾಲು ದಿನಕ್ಕೆ ಇಳಿಸಿದಾಗ (ದರಗಳನ್ನೂ ಕಾಲುಭಾಗ ಮಾಡಿ) ಸೋಂಕಿತರ ವಕ್ರರೇಖೆ ಗಣನೀಯವಾಗಿ ಬದಲಾದರೆ ನಿಮ್ಮ ಹೆಜ್ಜೆ ದೊಡ್ಡದಾಗಿತ್ತು ಎಂದರ್ಥ.

ಬೀಟಾವನ್ನು ಗಾಮಾದಿಂದ ಭಾಗಿಸಿದರೆ ಆರ್-ನಾಟ್, ಅಂದರೆ ಎಲ್ಲರಿಗೂ ಸೋಂಕು ತಗುಲಬಹುದಾದ ಸಮುದಾಯದಲ್ಲಿ ಒಬ್ಬ ಸೋಂಕಿತ ಒಟ್ಟಾರೆ ಸರಾಸರಿ ಎಷ್ಟು ಮಂದಿಗೆ ಸೋಂಕು ದಾಟಿಸುತ್ತಾನೆ ಎಂಬ ಸಂಖ್ಯೆ; ಇಲ್ಲಿ ಅದು 2. ಹಾಗಾಗಿ ಸೋಂಕು ತಗುಲಬಹುದಾದವರು ಒಟ್ಟು ಜನರ ಅರ್ಧಕ್ಕೆ, ಅಂದರೆ 500ಕ್ಕೆ, ಇಳಿದ ಕ್ಷಣದಿಂದ ಸೋಂಕಿತರ ಸಂಖ್ಯೆ ಕುಗ್ಗತೊಡಗುತ್ತದೆ. ರೋಗಾಣು ದುರ್ಬಲವಾದದ್ದರಿಂದಲ್ಲ, ಅದಕ್ಕೆ ಹೊಸಬರು ಸಿಗುವುದು ವಿರಳವಾದದ್ದರಿಂದ. ಆದರೂ ಹರಡುವಿಕೆ ಅಲ್ಲಿಗೇ ನಿಲ್ಲದೆ, ಕೊನೆಗೆ ಸುಮಾರು ಶೇ. 80ರಷ್ಟು ಜನರನ್ನು ಮುಟ್ಟುತ್ತದೆ.

ನಿಜವಾದ ಕಷ್ಟವಿರುವುದು ದರಗಳನ್ನು ದತ್ತಾಂಶದಿಂದ ಪಡೆಯುವುದರಲ್ಲಿ. ಆರಂಭದ ದಿನಗಳಲ್ಲಿ ಸೋಂಕಿನ ಏರಿಕೆ ಬೀಟಾ ಮತ್ತು ಗಾಮಾಗಳ ವ್ಯತ್ಯಾಸವನ್ನಷ್ಟೇ ಹೇಳುತ್ತದೆ. 0.4 ಮತ್ತು 0.2 ಇಟ್ಟರೂ, 0.3 ಮತ್ತು 0.1 ಇಟ್ಟರೂ ಸೋಂಕಿತರು ಸುಮಾರು ಮೂರೂವರೆ ದಿನಕ್ಕೆ ದುಪ್ಪಟ್ಟಾಗುತ್ತಾರೆ. ಆದರೆ ಎರಡನೆಯ ಜೋಡಿಯಲ್ಲಿ ಆರ್-ನಾಟ್ 3 ಆಗಿ, ಹರಡುವಿಕೆಯನ್ನು ತಡೆಯಲು ರೋಗನಿರೋಧಕತೆ ಇರಬೇಕಾದವರ ಪ್ರಮಾಣ ಶೇ. 50ರಿಂದ ಸುಮಾರು ಶೇ. 67ಕ್ಕೆ ಏರುತ್ತದೆ. ಹೀಗಾಗಿ ಗಾಮಾವನ್ನು ರೋಗಿಗಳ ವೈದ್ಯಕೀಯ ಅವಲೋಕನದಿಂದ ಮೊದಲೇ ನಿಗದಿಪಡಿಸಿಕೊಂಡು, ಆಮೇಲಷ್ಟೇ ಬೀಟಾವನ್ನು ಹೊಂದಿಸುವುದು ಸರಿಯಾದ ಕ್ರಮವೆಂದು ನಾನು ಒತ್ತಿ ಹೇಳುತ್ತೇನೆ.

ಹೋಲಿಕೆ ಮಾಡುವಾಗ ದತ್ತಾಂಶವು ಮಾದರಿಯ ಯಾವ ಅಂಕಣಕ್ಕೆ ಸೇರಿದ್ದೆಂದು ನೋಡಿ. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಬಳಸಿದ್ದು 1905–06ರ ಮುಂಬೈ ಪ್ಲೇಗಿನ ಸಾವುಗಳ ವಾರವಾರದ ಲೆಕ್ಕವನ್ನು. ಆದ್ದರಿಂದ ಅವರು ಅದನ್ನು ಹೋಲಿಸಿದ್ದು ಸೋಂಕಿತರ ಸಂಖ್ಯೆಯೊಂದಿಗಲ್ಲ, ಹೊರಬೀಳುವವರ ದರದೊಂದಿಗೆ.