ಡಿಬಗ್ಗರ್‌ನ ಎಕ್ಸ್‌ಪ್ರೆಶನ್ ಕೋಡನ್ನು ಬಿಚ್ಚಿ ಕಟ್ಟಿದ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ತಂಡ. ಮಂಡ್ಯ ಕಡೆ ಕಬ್ಬಿನ ಲಾರಿ, ಟ್ರ್ಯಾಕ್ಟರ್ ತೂಗುವ ವೇಬ್ರಿಡ್ಜ್‌ಗಳ ಕಂಟ್ರೋಲರ್ ಬೋರ್ಡಿಗೆ ಫರ್ಮ್‌ವೇರ್ (ಬೋರ್ಡಿನೊಳಗೇ ಓಡುವ ಪ್ರೋಗ್ರಾಮು) ಬರೆಯುತ್ತೇವೆ. ಹಳೇ ಬೋರ್ಡಿನಲ್ಲಿ 8 ಬಿಟ್‌ನ ಎವಿಆರ್ ಚಿಪ್, ಹೊಸದರಲ್ಲಿ ಕಾರ್ಟೆಕ್ಸ್-ಎಂ4 ಪ್ರೊಸೆಸರ್ ಇರುವ ಎಸ್‌ಟಿಎಂ32 ಚಿಪ್. ಎರಡಕ್ಕೂ ನಮ್ಮದೇ ಡಿಬಗ್ಗರ್, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗಿನ ಬೆಲೆ ನೋಡಿ ತಪ್ಪು ಹುಡುಕುವ ಸಾಧನ. ಅದರಲ್ಲಿ ‘ಪ್ರಿಂಟ್ ಒಟ್ಟು - ಖಾಲಿ’ ಎಂದು ಕೊಟ್ಟರೆ, ಆ ಸಾಲಿನ ಲೆಕ್ಕವನ್ನು, ಅಂದರೆ ಎಕ್ಸ್‌ಪ್ರೆಶನ್ನನ್ನು, ಪಾರ್ಸ್ ಮಾಡಿ (ತುಂಡು ತುಂಡಾಗಿ ಬಿಡಿಸಿ), ಬೋರ್ಡಿನ ಮೆಮೊರಿ ಓದಿ, ಲೆಕ್ಕ ಹಾಕಿ ಉತ್ತರ ಕೊಡುವ ಕೋಡು ಇರುತ್ತದಲ್ಲ, ಅದನ್ನು ಪೂರ್ತಿ ಬದಲಿಸಿದೆವು. ಹೇಗೆ ಬದಲಿಸಿದೆವು, ಎಲ್ಲೆಲ್ಲಿ ಕೈಕೊಡುತ್ತದೆ ಎನ್ನುವುದಷ್ಟೇ ಇಲ್ಲಿರುವುದು.

ಹಳೇ ಕೋಡಿನ ಅಚ್ಚು ಗ್ನೂ ಯೋಜನೆಯ ಡಿಬಗ್ಗರ್ ಆದ ಜಿಡಿಬಿಯದು. ಜಿಡಿಬಿ 10ರವರೆಗೂ ಎಕ್ಸ್‌ಪ್ರೆಶನ್ ಅಂದರೆ ಒಂದು ಉದ್ದನೆಯ ಅರೇ (ಸಾಲಾಗಿ ಜೋಡಿಸಿದ ಎಲಿಮೆಂಟುಗಳ ಪಟ್ಟಿ). ಪಾರ್ಸರ್ ಅದನ್ನು ಪೋಸ್ಟ್‌ಫಿಕ್ಸ್ ಕ್ರಮದಲ್ಲಿ (ಲೆಕ್ಕದ ಚಿಹ್ನೆ ಕೊನೆಗೆ) ತುಂಬುತ್ತದೆ, ಆಮೇಲೆ ಇನ್ನೊಂದು ಫಂಕ್ಷನ್ ಪ್ರಿಫಿಕ್ಸ್‌ಗೆ (ಚಿಹ್ನೆ ಮೊದಲಿಗೆ) ತಿರುಗಿಸುತ್ತದೆ. ‘ಒಟ್ಟು - ಖಾಲಿ’ಗೆ 9 ಎಲಿಮೆಂಟ್ ಬೇಕು: ಕಳೆಯುವ ಆಪ್‌ಕೋಡಿಗೆ (ಯಾವ ಕೆಲಸ ಎಂದು ಹೇಳುವ ಸಂಕೇತ) 1, ಒಂದೊಂದು ವೇರಿಯಬಲ್‌ಗೆ 4. ಆ ನಾಲ್ಕರಲ್ಲಿ ಮೊದಲನೆಯದು ಆಪ್‌ಕೋಡ್, ಆಮೇಲೆ ಬ್ಲಾಕ್ (ವೇರಿಯಬಲ್ ಇರುವ ಕೋಡಿನ ಭಾಗ), ಸಿಂಬಲ್ (ವೇರಿಯಬಲ್‌ನ ವಿವರ), ಕೊನೆಗೆ ಮತ್ತೆ ಅದೇ ಆಪ್‌ಕೋಡ್. ಎರಡೂ ತುದಿಗೆ ಆಪ್‌ಕೋಡ್ ಇಟ್ಟಿರುವುದು ಅರೇಯನ್ನು ಹಿಂದಿನಿಂದಲೂ ಓದಲು ಬರಲಿ ಎಂದು. ಲೆಕ್ಕ ಹಾಕುವುದಕ್ಕೆ ಆಪ್‌ಕೋಡಿಗೊಂದು ಕೇಸ್ ಇರುವ ಒಂದು ದೈತ್ಯ ಸ್ವಿಚ್, ಜೊತೆಗೆ ‘ಈಗ ಎಲ್ಲಿದ್ದೇವೆ’ ಎಂದು ಹೇಳುವ ಪೊಸಿಷನ್ ಪಾಯಿಂಟರ್. ಪ್ರತಿ ಕೇಸೂ ತನ್ನ ಕೆಲಸ ಮುಗಿಸುವಾಗ ಆ ಪೊಸಿಷನ್ನನ್ನು ಸರಿಯಾಗಿ ಇಷ್ಟೇ ಮುಂದೆ ತಳ್ಳಬೇಕು. ಒಂದು ಎಲಿಮೆಂಟ್ ಹೆಚ್ಚುಕಮ್ಮಿಯಾದರೆ ಆ ಕೇಸಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮುಂದಿನ ಯಾವುದೋ ಕೇಸು ಸಿಂಬಲ್ ಪಾಯಿಂಟರನ್ನೇ ಆಪ್‌ಕೋಡ್ ಅಂದುಕೊಂಡು ಬೀಳುತ್ತದೆ.

ಟಾಮ್ ಟ್ರೋಮಿ ಜಿಡಿಬಿಯಲ್ಲಿ ಈ ಅರೇಯನ್ನು ತೆಗೆದು ಸಿ++ ಕ್ಲಾಸುಗಳ ಟ್ರೀ (ಪ್ರತಿ ಲೆಕ್ಕಕ್ಕೂ ಒಂದು ನೋಡ್, ಅದರ ಕೆಳಗೆ ಅದರ ಆಪರೆಂಡುಗಳ ನೋಡುಗಳು) ಮಾಡಿದರು. 2021ರಲ್ಲಿ ಬಂದ ಜಿಡಿಬಿ 11ರಲ್ಲಿ ಅದು ಸೇರಿತು. ನಾವು ಹಿಡಿದ ಗುರಿಯೂ ಅದೇ, ದಾರಿ ಮಾತ್ರ ಬೇರೆ. ಅವರಿಗೆ ಏಡಾ, ಫೋರ್ಟ್ರಾನ್, ರಸ್ಟ್ ಎಂದು ಹಲವು ಭಾಷೆಯ ಪಾರ್ಸರ್ ಇವೆ, ನಮಗಿರುವುದು ಸಿ ಒಂದೇ.

ಮೊದಲು ಮಾಡಬೇಕಾದ್ದು ಟೆಸ್ಟ್ ಫೈಲು. ಪುಸ್ತಕದ ಉದಾಹರಣೆ ಹಾಕಿದರೆ ಪ್ರಯೋಜನ ಕಡಿಮೆ. ಎಂಜಿನಿಯರುಗಳ ಕಮಾಂಡ್ ಹಿಸ್ಟರಿ, ಉಳಿಸಿಟ್ಟ ಬ್ರೇಕ್‌ಪಾಯಿಂಟ್ ಕಂಡೀಷನ್‌ಗಳಿಂದಲೇ (ಪ್ರೋಗ್ರಾಮು ಎಲ್ಲಿ ನಿಲ್ಲಬೇಕೋ ಅಲ್ಲಿನ ಷರತ್ತುಗಳು) ಎಕ್ಸ್‌ಪ್ರೆಶನ್ ಎತ್ತಿಕೊಳ್ಳಬೇಕು. ಒಂದೊಂದು ಸಾಲಿಗೂ ಬಂದ ಬೆಲೆ ಮತ್ತು ಟೈಪ್ ಬರೆದಿಡುವುದು ಎಲ್ಲರಿಗೂ ಹೊಳೆಯುತ್ತದೆ. ಇನ್ನೊಂದು ಕಾಲಂ ಸೇರಿಸಿ: ಆ ಎಕ್ಸ್‌ಪ್ರೆಶನ್‌ಗಾಗಿ ಬೋರ್ಡಿನ ಯಾವ ವಿಳಾಸದಿಂದ ಎಷ್ಟು ಬೈಟು, ಯಾವ ಕ್ರಮದಲ್ಲಿ ಓದಿದೆ ಎನ್ನುವ ಪಟ್ಟಿ. ಮುಂದೆ ಸಿಕ್ಕ ತೊಂದರೆಗಳಲ್ಲಿ ದೊಡ್ಡವೆಲ್ಲ ಉತ್ತರ ಸರಿಯಿದ್ದು ಓದಿದ್ದು ತಪ್ಪಾಗಿದ್ದ ಜಾತಿಯವು. ಈ ಕಾಲಂ ಇಲ್ಲದೆ ಈ ಕೆಲಸ ಶುರು ಮಾಡಲೇಬೇಡಿ.

ಎರಡನೇ ಹಂತ ಬರೀ ಜಾಗ ಬದಲಾವಣೆ. ಸ್ವಿಚ್ಚಿನ ಒಂದೊಂದು ಕೇಸಿನೊಳಗೆ ಇರುವ ನಿಜವಾದ ಲೆಕ್ಕವನ್ನು ಪ್ರತ್ಯೇಕ ಫಂಕ್ಷನ್‌ಗೆ ತೆಗೆದುಹಾಕುವುದು. ಆ ಫಂಕ್ಷನ್‌ಗೆ ಎಡದ ಬೆಲೆ, ಬಲದ ಬೆಲೆ, ಮೋಡ್ (ಯಾವ ಬಗೆಯ ಲೆಕ್ಕ ಎನ್ನುವುದು, ಮುಂದೆ ಬರುತ್ತದೆ) ಇಷ್ಟೇ ಸಿಗಬೇಕು. ಅರೇಯಾಗಲಿ ಪೊಸಿಷನ್ ಆಗಲಿ ಅದರ ಕಣ್ಣಿಗೆ ಬೀಳಕೂಡದು. ಜಿಡಿಬಿಯಲ್ಲೂ ಹೀಗೇ ಮಾಡಿದ್ದಾರೆ. ಇಲ್ಲಿ ನಡವಳಿಕೆ ಕೂದಲೆಳೆಯಷ್ಟೂ ಬದಲಾಗಬಾರದು. ಕಣ್ಣಿಗೆ ಬಿದ್ದ ಬಗ್ ಸರಿಮಾಡುವ ಚಪಲ ತಡೆದುಕೊಂಡು ಪಕ್ಕಕ್ಕೆ ಬರೆದಿಡಿ.

ಮೂರನೆಯದು ನೋಡ್ ಕ್ಲಾಸು. ಬೇಸ್ ಕ್ಲಾಸಿನಲ್ಲಿ ಲೆಕ್ಕ ಹಾಕು, ವಿಳಾಸ ಕೊಡು, ಸೈಜ್‌ಆಫ್ (ಎಷ್ಟು ಬೈಟು) ಕೊಡು, ಡಂಪ್ ಮಾಡು (ಅಚ್ಚುಹಾಕು) ಎಂಬ ನಾಲ್ಕು ವರ್ಚುವಲ್ ಫಂಕ್ಷನ್. ಹಳೇ ಕೋಡಿನಲ್ಲಿ ‘&’ಗೆ ಒಂದು ಸ್ವಿಚ್, ಸೈಜ್‌ಆಫ್‌ಗೆ ಇನ್ನೊಂದು, ಸಾಮಾನ್ಯ ಲೆಕ್ಕಕ್ಕೆ ಮತ್ತೊಂದು ಇದ್ದು, ಒಂದರಲ್ಲಿ ಸೇರಿಸಿದ ಆಪ್‌ಕೋಡ್ ಇನ್ನೊಂದರಲ್ಲಿ ಬಿಟ್ಟುಹೋಗುತ್ತಿತ್ತು. ಮಕ್ಕಳ ನೋಡುಗಳನ್ನು ಯೂನಿಕ್ ಪಾಯಿಂಟರ್‌ನಲ್ಲೇ ಹಿಡಿಯಬೇಕು, ಕೆಲಸ ನಡುವೆ ನಿಂತರೂ ಅದು ನೋಡನ್ನು ತಾನೇ ಅಳಿಸುತ್ತದೆ. ಅರ್ಧ ಲೆಕ್ಕದಲ್ಲಿ ‘ಈ ವಿಳಾಸ ಓದಲಾಗಲಿಲ್ಲ’ ಎಂದು ಎಕ್ಸೆಪ್ಷನ್ ಬರುವುದು ಡಿಬಗ್ಗರ್‌ನಲ್ಲಿ ದಿನನಿತ್ಯದ ಮಾತು.

ಎಲ್ಲ ಆಪ್‌ಕೋಡನ್ನೂ ಒಂದೇ ಏಟಿಗೆ ಟ್ರೀ ಮಾಡಲು ಹೋಗಲಿಲ್ಲ. ಪಾರ್ಸರ್ ಮುಟ್ಟದೆ, ಮುಗಿದ ಅರೇಯಿಂದ ಟ್ರೀ ಕಟ್ಟುವ ಒಂದು ಪರಿವರ್ತಕ ಬರೆದೆವು. ಅದಕ್ಕೆ ಗೊತ್ತಿಲ್ಲದ ಆಪ್‌ಕೋಡ್ ಸಿಕ್ಕರೆ ‘ಹಳೇ ನೋಡ್’ ಹುಟ್ಟುತ್ತದೆ: ಅರೇ ಮತ್ತು ಆರಂಭದ ಪೊಸಿಷನ್ ಇಟ್ಟುಕೊಂಡು, ಲೆಕ್ಕ ಕೇಳಿದಾಗ ಹಳೇ ಸ್ವಿಚ್ಚನ್ನೇ ಕರೆಯುತ್ತದೆ. ಹೀಗಾಗಿ ಇವತ್ತು ಕೂಡು-ಕಳೆ, ನಾಳೆ ಪಾಯಿಂಟರ್, ನಾಡಿದ್ದು ಸ್ಟ್ರಕ್ಟ್ ಮೆಂಬರ್ ಎಂದು ಒಂದೊಂದಾಗಿ ದಾಟಿಸಬಹುದು, ಪ್ರತಿ ಕಮಿಟ್‌ನಲ್ಲೂ ಟೆಸ್ಟು ಪಾಸಾಗುತ್ತದೆ. ಅಂಥ ನೋಡಿನ ಆಪರೆಂಡ್ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲು ಆಪ್‌ಕೋಡಿನ ಉದ್ದ ಹೇಳುವ ಹಳೇ ಫಂಕ್ಷನ್ ಬೇಕು. ಅದನ್ನು ಕೊನೆಯವರೆಗೂ ಅಳಿಸಬೇಡಿ.

ಹಳೆಯದು-ಹೊಸದು ಎರಡನ್ನೂ ಓಡಿಸಿ ಹೋಲಿಸುವುದರಲ್ಲಿ ಒಂದು ದೊಡ್ಡ ಗುಂಡಿ ಇದೆ. ಬೋರ್ಡಿನ ಮೆಮೊರಿಯನ್ನು ಎರಡು ಸಲ ಓದುವುದೆಂದರೆ ಎಷ್ಟೋ ಸಲ ಬೋರ್ಡಿನ ಸ್ಥಿತಿಯನ್ನೇ ಬದಲಿಸುವುದು. ನಮ್ಮ ಬೋರ್ಡಿಗೆ ತೂಕದ ಇಂಡಿಕೇಟರಿನಿಂದ ಅಂಕಿಗಳು ಸೀರಿಯಲ್ ಪೋರ್ಟಿನಲ್ಲಿ ಬರುತ್ತವೆ. ಎಸ್‌ಟಿಎಂ32ಎಫ್4ರ ಯುಎಸ್ಎಆರ್‌ಟಿ (ಸೀರಿಯಲ್ ಪೋರ್ಟಿನ ಘಟಕ) ಡೇಟಾ ರಿಜಿಸ್ಟರನ್ನು ಓದಿದರೆ ‘ಅಕ್ಷರ ಬಂದಿದೆ’ ಎಂಬ ಫ್ಲ್ಯಾಗ್ ಇಳಿಯುತ್ತದೆ. ಸ್ಟೇಟಸ್ ಓದಿ ಆಮೇಲೆ ಡೇಟಾ ಓದಿದರೆ ಓವರ್‌ರನ್ (ಓದುವ ಮೊದಲೇ ಇನ್ನೊಂದು ಅಕ್ಷರ ಬಂತು) ಫ್ಲ್ಯಾಗೂ ಹೋಗುತ್ತದೆ. ಹಳೇ ಕೋಡು ಮೊದಲು ಓದಿ ಫ್ಲ್ಯಾಗ್ ಇಳಿಸಿದರೆ ಹೊಸ ಕೋಡಿಗೆ ಬೇರೆ ಉತ್ತರ ಸಿಗುತ್ತದೆ, ಟೆಸ್ಟು ಸುಮ್ಮಸುಮ್ಮನೆ ಫೇಲ್. ಪರಿಹಾರ: ಮೊದಲ ಓಟದಲ್ಲಿ ಪ್ರತಿ ಓದನ್ನೂ ವಿಳಾಸ, ಉದ್ದ, ಬಂದ ಬೈಟು ಸಮೇತ ರೆಕಾರ್ಡ್ ಮಾಡಿ, ಎರಡನೇ ಓಟಕ್ಕೆ ಬೋರ್ಡಿನ ಬದಲು ಆ ರೆಕಾರ್ಡನ್ನೇ ಕೊಡುವುದು. ರೆಕಾರ್ಡಿನಲ್ಲಿಲ್ಲದ ವಿಳಾಸ ಕೇಳಿದರೆ ಅಲ್ಲೇ ನಿಲ್ಲಿಸುವುದು. ಅಸೈನ್‌ಮೆಂಟ್ ಮತ್ತು ಬೋರ್ಡಿನ ಫಂಕ್ಷನ್ ಕರೆಯುವ ಎಕ್ಸ್‌ಪ್ರೆಶನ್‌ಗಳನ್ನು ಈ ಹೋಲಿಕೆಗೆ ಸೇರಿಸಲೇ ಇಲ್ಲ, ಅವನ್ನು ಸಿಮ್ಯುಲೇಟರಿನಲ್ಲಿ ಬೇರೆಬೇರೆಯಾಗಿ ನೋಡಿದೆವು.

ಇನ್ನು ಸ್ಕಿಪ್ ಮೋಡ್. ‘ಪಿ && ಪಿ->ತೂಕ > 0’ ಎಂಬಲ್ಲಿ ಪಿ ಸೊನ್ನೆಯಾಗಿದ್ದರೆ ಬಲಭಾಗ ಲೆಕ್ಕ ಹಾಕಬಾರದು. ಆದರೆ ಅರೇಯಲ್ಲಿ ಅದನ್ನು ದಾಟಿ ಹೋಗದಿದ್ದರೆ ಪೊಸಿಷನ್ ತಪ್ಪುತ್ತದೆ. ಹಾಗಾಗಿ ಹಳೇ ಕೋಡು ಬಲಭಾಗವನ್ನು ‘ಸ್ಕಿಪ್’ ಎಂಬ ಮೋಡಿನಲ್ಲಿ ಓಡಿಸುತ್ತಿತ್ತು. ಪ್ರತಿ ಕೇಸೂ ಆ ಮೋಡಿದ್ದರೆ ಮೆಮೊರಿ ಮುಟ್ಟದೆ ಹೋಗಬೇಕು. ಒಂದು ಕೇಸು ಮರೆತರೂ ಸೊನ್ನೆ ವಿಳಾಸ ಓದಿಬಿಡುತ್ತದೆ. ಪಿಸಿಯಲ್ಲಾದರೆ ತಕ್ಷಣ ಎರರ್ ಬರುತ್ತಿತ್ತು. ಎಸ್‌ಟಿಎಂ32ರಲ್ಲಿ ಸೊನ್ನೆ ವಿಳಾಸಕ್ಕೆ ಸಾಮಾನ್ಯವಾಗಿ ಫ್ಲ್ಯಾಶ್ ಮ್ಯಾಪ್ ಆಗಿರುತ್ತದೆ, ಅಲ್ಲಿರುವುದು ವೆಕ್ಟರ್ ಟೇಬಲ್ (ಇಂಟರಪ್ಟ್ ಫಂಕ್ಷನ್‌ಗಳ ವಿಳಾಸಪಟ್ಟಿ). ಓದು ಯಶಸ್ವಿ, ಯಾರಿಗೂ ಸುದ್ದಿಯಿಲ್ಲ. ಓದಿನ ಕಾಲಂ ಇದ್ದದ್ದರಿಂದ ಮಾತ್ರ ಸಿಕ್ಕಿತು. ಟ್ರೀಯಲ್ಲಿ ಈ ಮೋಡಿಗೆ ಕೆಲಸವೇ ಇಲ್ಲ, ಬಲದ ನೋಡನ್ನು ಕರೆಯದಿದ್ದರೆ ಆಯಿತು. ಇಡೀ ರಿಫ್ಯಾಕ್ಟರಿಂಗ್‌ನಲ್ಲಿ ಇದೊಂದಕ್ಕೇ ನಾನು ಸಂಬಳ ಕೊಡುತ್ತೇನೆ.

‘ಟೈಪ್ ಮಾತ್ರ’ ಮೋಡನ್ನು ತೆಗೆಯಬೇಡಿ. ಪಿಟೈಪ್ (ಟೈಪ್ ತೋರಿಸುವ ಕಮಾಂಡ್), ಸೈಜ್‌ಆಫ್ ಕೇಳಿದಾಗ ಮೆಮೊರಿ ಮುಟ್ಟದೆ ಟೈಪ್ ಹೇಳುವುದು ಇದರ ಕೆಲಸ. ಇದಕ್ಕೆ ಬೇರೆಯೇ ವರ್ಚುವಲ್ ಫಂಕ್ಷನ್ ಮಾಡಿದರೆ ಚೆಂದ ಎನಿಸುತ್ತದೆ, ಆದರೆ ಎರಡು ಕಡೆ ಟೈಪ್ ನಿಯಮ ಬರೆದರೆ ಆರು ತಿಂಗಳಲ್ಲಿ ಎರಡೂ ಎರಡು ದಿಕ್ಕು. ಈ ಮೋಡಿನಲ್ಲಿ ನೋಡುಗಳು ಟೈಪ್ ಸರಿಯಿರುವ ಸೊನ್ನೆ ಬೆಲೆ ಕೊಡುತ್ತವೆ ಎಂಬುದು ನೆನಪಿರಲಿ. ‘ಪಿಟೈಪ್ ಒಟ್ಟು / ಲಾರಿಗಳು’ ಎಂದರೆ ಲಾರಿಗಳು ಸೊನ್ನೆ, ಡಿವೈಡ್ ಬೈ ಝೀರೋ ಎರರ್ ಬಂದು ನಿಲ್ಲುತ್ತದೆ. ಭಾಗಾಕಾರದ ಫಂಕ್ಷನ್‌ನಲ್ಲಿ ಈ ಮೋಡಿಗೆಂದೇ ಒಂದು ಷರತ್ತು ಹಾಕಬೇಕು, ಜಿಡಿಬಿಯಲ್ಲೂ ಇದೆ.

ಪಾರ್ಸರ್‌ಗೆ ಕೈ ಹಾಕುವಾಗ ಬರುವ ತೊಡಕು ಪಾರ್ಸರ್ ಬರೆದುಕೊಡುವ ಸಾಧನ ಬೈಸನ್‌ನದು. ಅದರ ಸಿ ಅಚ್ಚಿನ ಪಾರ್ಸರ್‌ನಲ್ಲಿ ಬೆಲೆಗಳು ಯೂನಿಯನ್ನಿನಲ್ಲಿ ಕೂರುತ್ತವೆ, ಅಲ್ಲಿ ಯೂನಿಕ್ ಪಾಯಿಂಟರ್ ಇಡಲು ಆಗದು. ಜಿಡಿಬಿ ಕಂಡುಕೊಂಡ ದಾರಿ ನಮಗೂ ಸರಿಹೋಯಿತು: ಪಾರ್ಸರ್ ಸ್ಟೇಟಿನಲ್ಲೇ ನೋಡುಗಳ ಒಂದು ಸ್ಟ್ಯಾಕ್, ಪ್ರತಿ ವ್ಯಾಕರಣ ನಿಯಮವೂ ಅದರಿಂದ ಪಾಪ್ ಮಾಡಿ ಹೊಸ ನೋಡ್ ಪುಶ್ ಮಾಡುವುದು. ಇಲ್ಲಿ ಒಂದೇ ಸಾಲಿನಲ್ಲಿ ‘ಕಳೆ_ನೋಡ್(ಪಾಪ್(), ಪಾಪ್())’ ಎಂದು ಬರೆದರೆ ಕೆಟ್ಟಿತು. ಸಿ++ನಲ್ಲಿ ಫಂಕ್ಷನ್ ಆರ್ಗ್ಯುಮೆಂಟುಗಳನ್ನು ಯಾವ ಕ್ರಮದಲ್ಲಿ ಲೆಕ್ಕ ಹಾಕಬೇಕೆಂಬ ಕಟ್ಟು ಇಲ್ಲ. ಪಿಸಿಯಲ್ಲಿ ಜಿಸಿಸಿ ಕಂಪೈಲರ್ ಸಾಮಾನ್ಯವಾಗಿ ಬಲದಿಂದ ಶುರುಮಾಡುತ್ತದೆ, ಹಾಗಾಗಿ ಮೊದಲ ಪಾಪ್ ಬಲದ ಆಪರೆಂಡಿಗೇ ಹೋಗಿ ಉತ್ತರ ಸರಿಬರುತ್ತದೆ. ಕ್ಲ್ಯಾಂಗ್ ಕಂಪೈಲರ್ ಎಡದಿಂದ ಶುರುಮಾಡುತ್ತದೆ, ಆಪರೆಂಡುಗಳು ಅದಲುಬದಲು. ಕೂಡು, ಗುಣಿಸು ಟೆಸ್ಟುಗಳಲ್ಲಿ ಏನೂ ಕಾಣದು. ಕ್ಲ್ಯಾಂಗ್ ಬಿಲ್ಡ್ ಹಾಕಿಕೊಂಡು ಮದ್ದೂರು ಕಡೆ ಕೂತಿದ್ದ ಹುಡುಗ ಫೋನ್ ಮಾಡಿ, ‘ಸಾರ್, ಕಬ್ಬಿನ ತೂಕ ಮೈನಸ್ ತೋರುಸ್ತಾ ಐತೆ, ಬೋರ್ಡು ಸರಿಯಾಗೇ ಐತೆ’ ಅಂದ. ಎರಡು ಸಾಲು ಬರೆಯುವುದೊಂದೇ ಮದ್ದು: ಮೊದಲು ‘ಬಲ = ಪಾಪ್()’, ಆಮೇಲೆ ‘ಎಡ = ಪಾಪ್()’. ಎರಡೂ ಕಂಪೈಲರಿನಲ್ಲಿ ಬಿಲ್ಡ್ ಮಾಡಿ, ಕಳೆ, ಭಾಗಿಸು, ಶಿಫ್ಟ್, ಹೋಲಿಕೆ ಇವುಗಳ ಟೆಸ್ಟು ಇಟ್ಟುಕೊಳ್ಳಿ.

ಲೆಕ್ಕ ಬೋರ್ಡಿನ ಅಗಲದಲ್ಲೇ ನಡೆಯಬೇಕು, ಪಿಸಿಯ ಅಗಲದಲ್ಲಲ್ಲ. ಎವಿಆರ್‌ನಲ್ಲಿ ಇಂಟ್ ಎಂದರೆ 16 ಬಿಟ್. 18240 ಕೆಜಿ, 17360 ಕೆಜಿಯ ಎರಡು ಲಾರಿ ಕೂಡಿದರೆ ಬೋರ್ಡಿನಲ್ಲಿ ಸಾಮಾನ್ಯವಾಗಿ ಸಿಗುವುದು -29936. 64 ಬಿಟ್‌ನಲ್ಲಿ ಲೆಕ್ಕ ಹಾಕುವ ಡಿಬಗ್ಗರ್ 35600 ಎಂದು ತೋರಿಸಿ ಬಗ್ಗನ್ನೇ ಮುಚ್ಚಿಹಾಕುತ್ತದೆ. ಬೋರ್ಡು ತಪ್ಪು ಲೆಕ್ಕ ಹಾಕಿದರೆ ಡಿಬಗ್ಗರ್ ಆ ತಪ್ಪನ್ನೇ ತೋರಿಸಬೇಕು. ಟ್ರೀ ಬಂದ ಮೇಲೆ ಕಾನ್‌ಸ್ಟಂಟುಗಳನ್ನು ಪಾರ್ಸ್ ಹಂತದಲ್ಲೇ ಮಡಚಿಬಿಡುವ (ಮೊದಲೇ ಲೆಕ್ಕ ಹಾಕಿಡುವ) ಆಸೆ ಹುಟ್ಟುತ್ತದೆ. ಆ ಮಡಚುವಿಕೆಯೂ ಇದೇ ಫಂಕ್ಷನ್‌ಗಳ ಮೂಲಕವೇ ಹೋಗಲಿ. ಇನ್ನೊಂದು: ಇಂಟ್‌ನ ಅತಿ ಚಿಕ್ಕ ಸಂಖ್ಯೆಯನ್ನು -1ರಿಂದ ಭಾಗಿಸಿದರೆ ಎಕ್ಸ್86 ಪಿಸಿಯಲ್ಲಿ ಪ್ರೊಸೆಸರೇ ಟ್ರ್ಯಾಪ್ ಎತ್ತುತ್ತದೆ, ಸಾಯುವುದು ಬೋರ್ಡಿನ ಪ್ರೋಗ್ರಾಮಲ್ಲ, ಡಿಬಗ್ಗರ್. ಭಾಗಿಸುವ ಮೊದಲು ಚೆಕ್ ಬೇಕು.

ಓದನ್ನು ಮುಂದೂಡುವುದು, ಅಂದರೆ ಲೇಜಿ ಬೆಲೆಗಳು. ಸ್ಟ್ರಕ್ಟ್ ನೋಡ್ ಕೊಡುವ ಬೆಲೆ ‘ಈ ವಿಳಾಸ, ಈ ಟೈಪ್’ ಎಂದಷ್ಟೇ ಇರಬೇಕು, ಬೈಟುಗಳು ಯಾರಾದರೂ ಕೇಳಿದಾಗ ಬರಲಿ. ‘ಪಟ್ಟಿ[3].ತೂಕ’ಕ್ಕೆ ಬೇಕಾದ್ದು 4 ಬೈಟು. ಹೊಸ ನೋಡಿನಲ್ಲಿ ಎಲ್ಲೋ ಒಂದು ಕಡೆ ಬೆಲೆಯನ್ನು ಕಾಪಿ ಮಾಡುವಾಗ ಒಳಗಿನ ಬೈಟು ಕೇಳಿಬಿಟ್ಟರೆ 4096 ಬೈಟಿನ ಇಡೀ ಪಟ್ಟಿ ಬರುತ್ತದೆ. ಜಿಡಿಬಿಯ ರಿಮೋಟ್ ಪ್ರೋಟೋಕಾಲಿನ ಸಾದಾ ಓದಿನಲ್ಲಿ ಪ್ರತಿ ಬೈಟಿಗೆ ಎರಡು ಹೆಕ್ಸ್ ಅಕ್ಷರ. ಸೀರಿಯಲ್‌ನಲ್ಲಿ ಮಾತಾಡುವ ಸ್ಟಬ್ (ಬೋರ್ಡಿನಲ್ಲಿ ಡಿಬಗ್ಗರ್‌ಗೆ ಉತ್ತರಿಸುವ ಸಣ್ಣ ಕೋಡು) ಇದ್ದು 115200 ಬಾಡ್ ಆದರೆ ಸೆಕೆಂಡಿಗೆ 11520 ಅಕ್ಷರ. 8192 ಅಕ್ಷರಕ್ಕೆ ಸುಮಾರು 0.7 ಸೆಕೆಂಡ್. ಒಂದು ಪ್ರಿಂಟ್‌ಗೆ ಯಾರೂ ಗಮನಿಸುವುದಿಲ್ಲ. ಅದೇ ಎಕ್ಸ್‌ಪ್ರೆಶನ್ ಬ್ರೇಕ್‌ಪಾಯಿಂಟ್ ಕಂಡೀಷನ್ನಿನಲ್ಲಿದ್ದು ನೂರು ಸಲ ತಗುಲಿದರೆ 70 ಸೆಕೆಂಡ್, ಅಷ್ಟರಲ್ಲಿ ವಾಚ್‌ಡಾಗ್ (ಹೊತ್ತಿಗೆ ಸರಿಯಾಗಿ ಸುದ್ದಿ ಬರದಿದ್ದರೆ ಏಳುವ ಟೈಮರ್) ಬೋರ್ಡನ್ನು ರೀಸೆಟ್ ಮಾಡಿರುತ್ತದೆ.

ಬೆಲೆ ಬದಲಾದೊಡನೆ ಪ್ರೋಗ್ರಾಮು ನಿಲ್ಲಿಸುವ ವಾಚ್‌ಪಾಯಿಂಟಿಗೆ ಇದು ಇನ್ನೂ ಕೆಟ್ಟದ್ದು. ‘ವಾಚ್ ಸಾಲು->ಲಾರಿ->ತೂಕ’ ಕೊಟ್ಟಾಗ ಡಿಬಗ್ಗರ್ ಎಕ್ಸ್‌ಪ್ರೆಶನ್ನನ್ನು ಒಮ್ಮೆ ಓಡಿಸಿ, ನಡುವೆ ನಿಜವಾಗಿ ಓದಿದ ಬೆಲೆಗಳನ್ನೆಲ್ಲ ಹಿಡಿದು, ಅವುಗಳ ವಿಳಾಸಕ್ಕೆ ಹಾರ್ಡ್‌ವೇರ್ ಕಾವಲು ಹಾಕುತ್ತದೆ. ಎರಡು ಪಾಯಿಂಟರ್, ಒಂದು ತೂಕ, ಒಟ್ಟು ಮೂರು. ಕಾರ್ಟೆಕ್ಸ್-ಎಂ4ರ ಡಿಡಬ್ಲ್ಯುಟಿಯಲ್ಲಿ (ಈ ಕಾವಲು ಮಾಡುವ ಹಾರ್ಡ್‌ವೇರ್ ಘಟಕ) ಸಾಮಾನ್ಯವಾಗಿ ಇರುವುದು 4 ಕಂಪೇರೇಟರ್, ಆಗುತ್ತದೆ. ನಡುವಿನ ಸ್ಟ್ರಕ್ಟನ್ನೂ ಓದಿಬಿಟ್ಟರೆ ಕಾವಲಿನ ಪಟ್ಟಿ ಉದ್ದವಾಗಿ ಹಾರ್ಡ್‌ವೇರಿಗೆ ಹಿಡಿಸುವುದಿಲ್ಲ. ಡಿಬಗ್ಗರ್ ಸದ್ದಿಲ್ಲದೆ ಸಾಫ್ಟ್‌ವೇರ್ ವಾಚ್‌ಗೆ ಇಳಿದು ಒಂದೊಂದು ಇನ್‌ಸ್ಟ್ರಕ್ಷನ್ ಸ್ಟೆಪ್ ಮಾಡುತ್ತಾ ಕೂರುತ್ತದೆ. ಬೋರ್ಡು ಹ್ಯಾಂಗ್ ಆಗಿದೆ ಎಂದೇ ಎಲ್ಲರೂ ದೂರುವುದು. ವಾಚ್ ಕೊಟ್ಟಾಗ ‘ಹಾರ್ಡ್‌ವೇರ್’ ಎಂದು ಬರುತ್ತದೆಯೇ ಇಲ್ಲವೇ ಎನ್ನುವುದನ್ನೂ ಟೆಸ್ಟಿನ ಕಾಲಂ ಮಾಡಿಕೊಂಡೆವು.

ಕಂಡೀಷನ್ನುಗಳ ಟ್ರೀಯನ್ನು ಒಮ್ಮೆ ಕಟ್ಟಿ ಸಾವಿರ ಸಲ ಓಡಿಸುವುದರಿಂದ ಲೆಕ್ಕದ ಫಂಕ್ಷನ್ ಕಾನ್‌ಸ್ಟ್ ಆಗಿರಲಿ, ನೋಡ್ ತನ್ನೊಳಗೆ ಏನನ್ನೂ ಬದಲಿಸಕೂಡದು. ಫರ್ಮ್‌ವೇರ್ ಮತ್ತೆ ಲೋಡ್ ಆದಾಗ ನೋಡುಗಳಲ್ಲಿರುವ ಟೈಪ್, ಸಿಂಬಲ್ ಪಾಯಿಂಟರುಗಳು ಹಳಸುತ್ತವೆ. ಮೂಲ ಪಠ್ಯ ಇಟ್ಟುಕೊಂಡು ಮತ್ತೆ ಪಾರ್ಸ್ ಮಾಡುವುದೇ ಸುಲಭ.

ಅಳಿಸುವ ಸರದಿ ಬಂದಾಗ ಕ್ರಮ ಹೀಗೆ: ಹಳೇ ನೋಡ್ ಹುಟ್ಟುವುದು ನಿಂತಿದೆಯೇ ಎಂದು ಅದರ ಕನ್‌ಸ್ಟ್ರಕ್ಟರಿನಲ್ಲಿ ಅಸರ್ಟ್ ಹಾಕಿ ನೋಡಿ, ಪಾರ್ಸರ್ ನೇರವಾಗಿ ಟ್ರೀ ಕಟ್ಟುವಂತೆ ಮಾಡಿ, ಪರಿವರ್ತಕ, ಪ್ರಿಫಿಕ್ಸ್ ತಿರುಗಿಸುವ ಫಂಕ್ಷನ್, ದೊಡ್ಡ ಸ್ವಿಚ್, ಕೊನೆಗೆ ಉದ್ದ ಹೇಳುವ ಫಂಕ್ಷನ್. ಹಳೇ ಡಂಪ್‌ನ ರೂಪ ಮಾತ್ರ ಇನ್ನೂ ಉಳಿದಿದೆ. ಟೆಸ್ಟಿಂಗ್‌ನವರ ಸ್ಕ್ರಿಪ್ಟುಗಳು ಅದರ ಸಾಲುಗಳನ್ನು ಗ್ರೆಪ್ ಮಾಡುತ್ತವೆ (ಹುಡುಕುತ್ತವೆ), ಅವರು ಬದಲಿಸಿಕೊಳ್ಳುವವರೆಗೆ ಟ್ರೀಯನ್ನು ಹಳೇ ಅರೇಯಂತೆ ಅಚ್ಚುಹಾಕುವ ಒಂದು ಫಂಕ್ಷನ್ ಇಟ್ಟಿದ್ದೇವೆ.