ಮೋಟರ್‌ಹೋಮ್ ಕೊಂಡಾಯ್ತು, ಈಗ ಯಾವ ಕ್ಲಬ್ ಸೇರೋದು?

ಬ್ರಿಟನ್‌ನಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿ, ಕೊಂಡ ಮೊದಲ ವಾರದಲ್ಲೇ ಈ ಪ್ರಶ್ನೆ ಎದುರಾಗುತ್ತದೆ. ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್ಬೋ, ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ಬೋ? ಹೆಸರು ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಕ್ಲಬ್ ತಾನೇ ನಡೆಸುವ ದೊಡ್ಡ ಸೈಟ್‌ಗಳ, ಅಂದರೆ ಗಾಡಿ ನಿಲ್ಲಿಸಿ ತಂಗುವ ಜಾಗಗಳ, ಫೋಟೊ ನೋಡಿ ಕ್ಲಬ್ ಆರಿಸಬೇಡಿ. ಆ ಕ್ಲಬ್ಬಿನ ಐದು ಗಾಡಿಯ ಚಿಕ್ಕ ಸೈಟ್‌ಗಳು ನೀವು ಹೋಗುವ ಕಡೆ ಎಷ್ಟಿವೆ ಅಂತ ನೋಡಿ ಆರಿಸಿ.

ಕಾರಣ ಇಷ್ಟೇ. ದೊಡ್ಡ ಸೈಟ್‌ಗಳಲ್ಲಿ ಹೆಚ್ಚಿನವಕ್ಕೆ ಸದಸ್ಯರಲ್ಲದವರೂ ಹೋಗಬಹುದು, ರಾತ್ರಿಗೆ ಇಷ್ಟು ಅಂತ ಜಾಸ್ತಿ ಕೊಟ್ಟರೆ ಆಯಿತು. ಚಿಕ್ಕ ಸೈಟ್ ಹಾಗಲ್ಲ, ಅದು ಸದಸ್ಯರಿಗೆ ಮಾತ್ರ. 1960ರ ಕ್ಯಾರವಾನ್ ಸೈಟ್ ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ: ಮಾನ್ಯತೆ ಪಡೆದ ಕ್ಲಬ್ ಒಂದು ಜಾಗಕ್ಕೆ ಸರ್ಟಿಫಿಕೇಟ್ ಕೊಟ್ಟರೆ, ಆ ಜಾಗದ ರೈತ ಕೌನ್ಸಿಲ್‌ನ ಸೈಟ್ ಲೈಸೆನ್ಸ್ ಇಲ್ಲದೆಯೇ ಒಂದು ಸಲಕ್ಕೆ ಐದು ಗಾಡಿಗಳನ್ನು (ಮೋಟರ್‌ಹೋಮ್ ಅಥವಾ ಕಾರಿನ ಹಿಂದೆ ಎಳೆಯುವ ಕ್ಯಾರವಾನ್), ಕ್ಲಬ್ ಸದಸ್ಯರದ್ದಾದರೆ, ನಿಲ್ಲಿಸಿಕೊಳ್ಳಬಹುದು. ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್ ಇವನ್ನು ಸಿಎಲ್ (ಸರ್ಟಿಫಿಕೇಟೆಡ್ ಲೊಕೇಶನ್) ಅನ್ನುತ್ತದೆ, ಇನ್ನೊಂದು ಕ್ಲಬ್ ಸಿಎಸ್ (ಸರ್ಟಿಫಿಕೇಟೆಡ್ ಸೈಟ್) ಅನ್ನುತ್ತದೆ. ಸಿಎಲ್‌ಗಳು ಸುಮಾರು ಎರಡು ಸಾವಿರ ಇವೆ, ಸಿಎಸ್‌ಗಳು ಸಾವಿರಕ್ಕೂ ಹೆಚ್ಚು. ನೀವು ಕೊಡುವ ಸದಸ್ಯತ್ವದ ಹಣಕ್ಕೆ ನಿಜವಾಗಿ ಸಿಗುವುದು ಈ ಪಟ್ಟಿ.

ಇಂಥ ಜಾಗ ಹೇಗಿರುತ್ತದೆ ಅಂದರೆ, ಹಳ್ಳಿ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಗೇಟು, ಗೇಟಿನ ಮೇಲೆ ಕ್ಲಬ್ಬಿನ ಚಿಕ್ಕ ಬೋರ್ಡು. ಒಳಗೆ ಹುಲ್ಲಿನ ಹೊಲ. ಬೇಲಿ ಪಕ್ಕ ಒಂದು ಕುಡಿಯುವ ನೀರಿನ ನಲ್ಲಿ, ಟಾಯ್ಲೆಟ್ ಕ್ಯಾಸೆಟ್ ಖಾಲಿ ಮಾಡಲು ಒಂದು ಎಲ್ಸನ್ ಪಾಯಿಂಟ್, ಕಸದ ಡಬ್ಬಿ. ಕೆಲವು ಕಡೆ ಹಣ ಹಾಕಲು ಗೋಡೆಗೆ ಹೊಡೆದ ಪೆಟ್ಟಿಗೆ, ಅದರ ಪಕ್ಕದಲ್ಲೇ ಮಾರಾಟಕ್ಕಿಟ್ಟ ಕೋಳಿಮೊಟ್ಟೆ. ರಾತ್ರಿ ಎಂಟಾದರೆ ಕುರಿ ಕೂಗೋದು ಬಿಟ್ಟು ಬೇರೆ ಸದ್ದಿಲ್ಲ. ಬಾತ್‌ರೂಮ್ ಬಹಳ ಕಡೆ ಇರುವುದಿಲ್ಲ, ಆದರೆ ಮೋಟರ್‌ಹೋಮ್‌ನಲ್ಲಿ ಟಾಯ್ಲೆಟ್, ಶವರ್ ಎರಡೂ ಇದ್ದರೆ ಅದರಿಂದ ನಿಮಗೇನು ತೊಂದರೆ? ಬಾಡಿಗೆಯೂ ದೊಡ್ಡ ಸೈಟ್‌ಗಿಂತ ಸಾಮಾನ್ಯವಾಗಿ ಕಡಿಮೆ.

ಹಾಗಾಗಿ ಸೇರುವ ಮುಂಚೆ ಒಂದು ಸಂಜೆ ಕೂತು ಮ್ಯಾಪ್ ತೆಗೆಯಿರಿ. ಮುಂದಿನ ವರ್ಷ ನೀವು ಖಂಡಿತ ಹೋಗುವ ನಾಲ್ಕೈದು ಕಡೆ ಗುರುತು ಹಾಕಿ. ಕನಸಿನ ಊರುಗಳಲ್ಲ, ಶುಕ್ರವಾರ ಕೆಲಸ ಮುಗಿಸಿ ಎರಡು ಗಂಟೆಯಲ್ಲಿ ತಲುಪಬಹುದಾದ ಊರುಗಳು. ಎರಡೂ ಕ್ಲಬ್ಬಿನ ಸೈಟ್ ಹುಡುಕುವ ಪುಟದಲ್ಲಿ ಆ ಊರುಗಳ ಸುತ್ತ ಏನೇನಿದೆ ಅಂತ ಎಣಿಸಿ. ಇಲ್ಲಿ ಸೋಮಾರಿತನ ಬೇಡ. ಪ್ರತಿಯೊಂದರ ವಿವರವನ್ನೂ ತೆರೆದು ಓದಿ: ಹಾರ್ಡ್‌ಸ್ಟ್ಯಾಂಡಿಂಗ್ (ಗಾಡಿ ನಿಲ್ಲಿಸಲು ಗಟ್ಟಿ ಮಾಡಿದ ನೆಲ) ಇದೆಯೋ, ಬರೀ ಹುಲ್ಲೋ? ಮಳೆಗಾಲದಂಥ ನವೆಂಬರ್‌ನಲ್ಲಿ ಮೂರೂವರೆ ಟನ್ ಗಾಡಿ ಹುಲ್ಲಿನಲ್ಲಿ ಹೂತರೆ ಟ್ರ್ಯಾಕ್ಟರ್ ಬರಬೇಕಾಗುತ್ತದೆ. ದಾರಿ ಎಷ್ಟು ಅಗಲ, ಗಾಡಿಯ ಉದ್ದಕ್ಕೆ ಮಿತಿ ಇದೆಯೋ, ಮಕ್ಕಳನ್ನು ಬಿಡುತ್ತಾರೋ? ದೊಡ್ಡವರಿಗೆ ಮಾತ್ರ ಅನ್ನುವ ಚಿಕ್ಕ ಸೈಟ್‌ಗಳೂ ಇವೆ.

ಕರೆಂಟಿನ ವಿಷಯ ನಮ್ಮ ಅಡುಗೆಮನೆಗೆ ತುಂಬಾ ಮುಖ್ಯ. ದೊಡ್ಡ ಸೈಟ್‌ನ ಹುಕ್‌ಅಪ್, ಅಂದರೆ ಗಾಡಿಗೆ ಕೊಡುವ ಕರೆಂಟಿನ ಸಂಪರ್ಕ, ಸಾಮಾನ್ಯವಾಗಿ 16 ಆಂಪ್, ಅಂದರೆ ಸುಮಾರು 3,600 ವಾಟ್. ಕೆಲವು ಚಿಕ್ಕ ಸೈಟ್‌ಗಳಲ್ಲಿ 10 ಆಂಪ್, ಇನ್ನು ಕೆಲವು ಕಡೆ 6 ಆಂಪ್ ಮಾತ್ರ. 6 ಆಂಪ್ ಅಂದರೆ 1,400 ವಾಟ್ ಕೂಡ ಇಲ್ಲ. ಮನೆಯ ಕೆಟಲ್ ಒಂದೇ ಸಾಕು, ಟ್ರಿಪ್ ಆಗುತ್ತದೆ. ಅನ್ನ, ಸಾರು, ಒಗ್ಗರಣೆ ಎಲ್ಲ ಗ್ಯಾಸಿನಲ್ಲಿ ಮಾಡಿಕೊಂಡು, ಕರೆಂಟನ್ನು ಫ್ರಿಜ್ಜಿಗೂ ಬ್ಯಾಟರಿ ಚಾರ್ಜಿಗೂ ಬಿಟ್ಟರೆ ಯಾವ ಸೈಟ್ ಆದರೂ ನಡೆಯುತ್ತದೆ.

ಈಗ ಎರಡು ಕ್ಲಬ್ಬಿನ ಗುಣದ ಮಾತು. ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ಬಿನ ಮೂಲ 1901ರಲ್ಲಿ, ಸೈಕಲ್ ಮೇಲೆ ಟೆಂಟ್ ಹೇರಿಕೊಂಡು ಹೋಗುತ್ತಿದ್ದವರ ಸಂಘದಲ್ಲಿದೆ. ಇವತ್ತಿಗೂ ಅಲ್ಲಿ ಟೆಂಟಿನವರಿಗೆ ಒಳ್ಳೆ ಜಾಗ. ಸಿಎಸ್‌ನಲ್ಲಿ ಐದು ಗಾಡಿಯ ಜೊತೆಗೆ, ಜಾಗ ಇದ್ದರೆ, ಹತ್ತು ಟೆಂಟ್‌ವರೆಗೂ ಹಾಕಬಹುದು. ನಿಮ್ಮ ಹತ್ತಿರ ಮೋಟರ್‌ಹೋಮ್ ಇದ್ದು, ಜೊತೆಗೆ ಬರುವ ಗೆಳೆಯರ ಹತ್ತಿರ ಬರೀ ಟೆಂಟ್ ಇದ್ದರೆ ಈ ಕ್ಲಬ್ಬೇ ಸರಿ. ಕೆಸಿಕ್‌ನಲ್ಲಿ ಡರ್ವೆಂಟ್‌ವಾಟರ್ ಸರೋವರದ ದಡದಲ್ಲೇ ಅವರದೊಂದು ಸೈಟ್ ಇದೆ. ಇನ್ನೊಂದು ಕ್ಲಬ್ ಶುರುವಾದದ್ದು 1907ರಲ್ಲಿ. ಬಹಳ ಕಾಲ ಅದು ಬರೀ ಕ್ಯಾರವಾನ್ ಕ್ಲಬ್, ಹೆಸರಿಗೆ ಮೋಟರ್‌ಹೋಮ್ ಸೇರಿದ್ದು 2017ರಲ್ಲಿ. ಅವರ ದೊಡ್ಡ ಸೈಟ್‌ಗಳು ಅಚ್ಚುಕಟ್ಟು, ಹಾರ್ಡ್‌ಸ್ಟ್ಯಾಂಡಿಂಗ್ ಜಾಸ್ತಿ. ಊರು ನೋಡುವವರಿಗೂ ಅನುಕೂಲ: ಯಾರ್ಕ್‌ನ ರೌನ್‌ಟ್ರೀ ಪಾರ್ಕ್ ಸೈಟ್‌ನಿಂದ ಪೇಟೆಗೆ ನಡೆದೇ ಹೋಗಬಹುದು, ಲಂಡನ್ನಿನ ಆಬಿ ವುಡ್ ಸೈಟ್‌ನಿಂದ ಎಲಿಜಬೆತ್ ಲೈನ್ ರೈಲು ಹಿಡಿದರೆ ನೇರ ಊರೊಳಗೆ. ಅಪ್ಪ ಅಮ್ಮ ಬೆಂಗಳೂರಿನಿಂದ ಬಂದಾಗ, ಬಿಸಿನೀರಿನ ಶವರ್ ಹತ್ತಿರದಲ್ಲೇ ಇರಲಿ ಅನ್ನಿಸಿದಾಗ, ಇಂಥ ಜಾಗ ನೆಮ್ಮದಿ.

ಮೂರನೆಯದೊಂದಿದೆ, ಮೋಟರ್ ಕ್ಯಾರವಾನರ್ಸ್ ಕ್ಲಬ್, 1960ರದ್ದು. ಇದು ಮೋಟರ್‌ಹೋಮ್ ಮತ್ತು ಕ್ಯಾಂಪರ್‌ವ್ಯಾನ್‌ನವರಿಗೆ ಮಾತ್ರ. ಇಲ್ಲಿ ಸೈಟ್‌ಗಿಂತ ಜನ ಮುಖ್ಯ. ಸ್ಥಳೀಯ ಗುಂಪುಗಳು ವಾರಾಂತ್ಯಕ್ಕೆ ಎಲ್ಲೋ ಒಂದು ಮೈದಾನದಲ್ಲಿ ಸೇರುತ್ತವೆ. ಹೊಸಬರಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಬ್ಯಾಟರಿ ಯಾಕೆ ಇಳಿಯುತ್ತಿದೆ, ಕಿಟಕಿ ಪಕ್ಕ ತೇವ ಯಾಕೆ ಅಂತ ಕೇಳಿದರೆ ನಾಲ್ಕು ಜನ ಎದ್ದು ಬಂದು ನೋಡುತ್ತಾರೆ. ದೊಡ್ಡ ಕ್ಲಬ್‌ಗಳಲ್ಲೂ ಸ್ಥಳೀಯ ಗುಂಪುಗಳಿವೆ, ಹೋಗಿ ನೋಡಿ.

ದುಡ್ಡಿನ ಲೆಕ್ಕ ಸುಲಭ. ವರ್ಷದ ಸದಸ್ಯತ್ವ ಶುಲ್ಕವನ್ನು, ದೊಡ್ಡ ಸೈಟ್‌ನಲ್ಲಿ ಸದಸ್ಯರಲ್ಲದವರು ರಾತ್ರಿಗೆ ಕೊಡುವ ಹೆಚ್ಚುವರಿ ಹಣದಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಜಾಸ್ತಿ ರಾತ್ರಿ ತಂಗುವವರಿಗೆ ಸೇರುವುದೇ ಲಾಭ. ಶಾಲೆ ರಜೆಗೇ ಹೋಗುವವರಾದರೆ ಬುಕಿಂಗ್ ಯಾವಾಗ ತೆರೆಯುತ್ತದೆ, ಬ್ಯಾಂಕ್ ಹಾಲಿಡೇಗೆ ಕನಿಷ್ಠ ಎಷ್ಟು ರಾತ್ರಿ, ರದ್ದು ಮಾಡಿದರೆ ಹಣ ವಾಪಸ್ ಬರುತ್ತದೋ ಅಂತಲೂ ಓದಿಕೊಳ್ಳಿ. ಇನ್ಶೂರೆನ್ಸ್ ರಿಯಾಯಿತಿ, ಫೆರ್ರಿ ರಿಯಾಯಿತಿಯ ಮಾತಿಗೆ ಸುಮ್ನೆ ಮರುಳಾಗಬೇಡಿ, ಹೊರಗಿನ ಬೆಲೆಯ ಜೊತೆ ಹೋಲಿಸಿ ನೋಡಿ.

ಕ್ಲಬ್ ಯಾಕೆ, ಸ್ಕಾಟ್‌ಲ್ಯಾಂಡಿಗೆ ಹೋದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದಂತಲ್ಲ ಅಂತ ಕೆಲವರು ಕೇಳುತ್ತಾರೆ. 2003ರ ಕಾಯ್ದೆ ಕೊಟ್ಟ ಆ ಹಕ್ಕು ನಡೆದು, ಸೈಕಲ್‌ನಲ್ಲಿ ಹೋಗಿ ಟೆಂಟ್ ಹಾಕುವವರಿಗೆ. ಎಂಜಿನ್ ಗಾಡಿಗೆ ಅದು ಅನ್ವಯಿಸುವುದಿಲ್ಲ.

ಸೇರಿದ ಮೇಲೆ ಮೊದಲು ಮಾಡಬೇಕಾದ ಕೆಲಸ, ಕ್ಲಬ್ ನಡೆಸುವ ಗಾಡಿ ಓಡಿಸುವ ತರಬೇತಿಗೆ ಹೆಸರು ಕೊಡುವುದು. ರಿವರ್ಸ್ ಹಾಕುವಾಗ ಹಿಂದಿನ ಭಾಗ ಎಷ್ಟು ಹೊರಗೆ ಬೀಸುತ್ತದೆ ಅಂತ ಖಾಲಿ ಮೈದಾನದಲ್ಲಿ ಕಲಿಯುವುದು ಒಳ್ಳೆಯದು. ಲೈಸೆನ್ಸ್ ಕೂಡ ತೆಗೆದು ನೋಡಿ: 1997ರ ಜನವರಿ 1ರಿಂದ ಈಚೆಗೆ ಇಲ್ಲಿ ಕಾರ್ ಟೆಸ್ಟ್ ಪಾಸಾದವರಿಗೆ ಡೀಸೆಲ್, ಪೆಟ್ರೋಲ್ ಗಾಡಿಯಾದರೆ, ತುಂಬಿದ ಸಾಮಾನಿನ ತೂಕವೂ ಸೇರಿ, 3,500 ಕಿಲೋವರೆಗೆ ಮಾತ್ರ. ನೂರು ಲೀಟರ್ ನೀರು ತುಂಬಿದರೆ ಆ ಮಿತಿಯಲ್ಲಿ ನೂರು ಕಿಲೋ ಹೋಯಿತು. ಸೈಟ್‌ನಲ್ಲಿ ನಲ್ಲಿ ಇದ್ದೇ ಇದೆ, ಮನೆಯಿಂದ ಅರ್ಧ ಟ್ಯಾಂಕ್ ಸಾಕು.

ಮೊದಲ ವರ್ಷ ಒಂದೇ ಕ್ಲಬ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎಲ್ಲೆಲ್ಲಿ ತಂಗಿದಿರಿ, ಅದು ಚಿಕ್ಕ ಸೈಟೋ ದೊಡ್ಡದೋ ಅಂತ ಬರೆದಿಟ್ಟುಕೊಳ್ಳಿ. ಡೈರೆಕ್ಟ್ ಡೆಬಿಟ್ ಕೊಟ್ಟಿದ್ದರೆ ಮುಂದಿನ ವರ್ಷ ಹಣ ತಾನಾಗಿಯೇ ಕಡಿತವಾಗುತ್ತದೆ, ಅದಕ್ಕೆ ಒಂದು ತಿಂಗಳು ಮುಂಚೆ ಆ ಪಟ್ಟಿ ತೆಗೆದು ನೋಡಿ, ಮುಂದುವರಿಸುವುದೋ ಬದಲಾಯಿಸುವುದೋ ಆಗ ತೀರ್ಮಾನ ಮಾಡಿ.