ಅಜ್ಜ ಬೊಂಬಾಯಿ ಡಾಕಿನಲ್ಲಿದ್ದರಂತೆ: ದಾಖಲೆ ಹುಡುಕುವ ಬಗೆ

ಕಾಸರಗೋಡು, ಮಂಜೇಶ್ವರ ಕಡೆಯ ಮನೆಯಲ್ಲಿ "ಅಜ್ಜ ಯುದ್ಧದ ಕಾಲಕ್ಕೆ ಬೊಂಬಾಯಿ ಡಾಕಿನಲ್ಲಿದ್ದರು" ಎಂಬಷ್ಟೇ ಮಾತು ಉಳಿದಿದ್ದರೆ, ಮೊದಲು ಬಿಡಿಸಬೇಕಾದ ಗಂಟು ಆ "ಡಾಕು", ಎಂದರೆ ಹಡಗುಕಟ್ಟೆ. ಎರಡನೇ ಮಹಾಯುದ್ಧದ ಆ ಕಾಲಕ್ಕೆ ಅಲ್ಲಿ ಮೂವರು ಧಣಿಗಳಿದ್ದರು. 1735ರಲ್ಲಿ ಸೂರತ್ತಿನಿಂದ ಬಂದ ಹಡಗು ಕಟ್ಟುವ ಮೇಸ್ತ್ರಿ ಲವ್‌ಜಿ ವಾಡಿಯಾ ಬೆಳೆಸಿದ ಡಾಕ್‌ಯಾರ್ಡ್ ರಾಯಲ್ ಇಂಡಿಯನ್ ನೇವಿಯದು, ಎಂದರೆ ಆಗಿನ ನೌಕಾಪಡೆಯದು. ಮಜಗಾಂವ್ ಡಾಕ್ ಖಾಸಗಿ ಕಂಪೆನಿ, ಸರ್ಕಾರದ ಕೈಗೆ ಬಂದದ್ದು 1960ರಲ್ಲಿ. ಪ್ರಿನ್ಸಸ್, ವಿಕ್ಟೋರಿಯಾ, ಅಲೆಕ್ಸಾಂಡ್ರಾ ಡಾಕ್‌ಗಳು ಬಂದರು ನಡೆಸುತ್ತಿದ್ದ ಪೋರ್ಟ್ ಟ್ರಸ್ಟಿನವು. ಕಡತ ಧಣಿಯ ಹಿಂದೆ ಹೋಗುತ್ತದೆ, ಊರಿನ ಹಿಂದಲ್ಲ.

ಹಿರಿಯರಲ್ಲಿ ಕೆಲಸ ಏನೆಂದು ಕೇಳಿ. ಮೂಟೆ ಹೊರುತ್ತಿದ್ದರೆ ಹೆಚ್ಚಾಗಿ ಪೋರ್ಟ್ ಟ್ರಸ್ಟಿನ ಡಾಕ್. ರಿವೆಟ್, ಬಾಯ್ಲರ್, ಫಿಟ್ಟರ್ ಎಂದರೆ ಉಳಿದೆರಡರಲ್ಲಿ ಒಂದು. "ಲಯನ್ ಗೇಟ್" ಎಂಬ ಮಾತು ಬಂದರೆ, ಅದು ನೇವಿಯ ಡಾಕ್‌ಯಾರ್ಡಿನ ಬಾಗಿಲು, ಅದನ್ನೇ ಮೊದಲು ಹಿಡಿಯಿರಿ. "ದೊಡ್ಡ ಸ್ಫೋಟ ಕಂಡಿದ್ದರು" ಎಂಬುದನ್ನು ಮಾತ್ರ ನೆಚ್ಚಬೇಡಿ. 1944ರ ಏಪ್ರಿಲ್ 14ರಂದು ಸುಮಾರು 1,400 ಟನ್ ಸ್ಫೋಟಕ ತುಂಬಿದ್ದ ಫೋರ್ಟ್ ಸ್ಟೈಕಿನ್ ಹಡಗು ಸಿಡಿದದ್ದು ವಿಕ್ಟೋರಿಯಾ ಡಾಕಿನಲ್ಲಿ. ಅರ್ಧ ಬೊಂಬಾಯಿಯೇ ಅದನ್ನು ಕಂಡಿತ್ತು. ಹಳೆ ಕಾಗದದಲ್ಲಿ "ರಜೆ ಸಿಗಲಿಲ್ಲ, ಬಿಟ್ಟು ಬರುವಂತಿಲ್ಲ" ಎಂದಿದ್ದರೆ ನೆಪ ಎಂದುಕೊಳ್ಳಬೇಡಿ: 1941ರ ಅಗತ್ಯ ಸೇವೆಗಳ ಸುಗ್ರೀವಾಜ್ಞೆಯಡಿ ಬಂದ ಕೆಲಸವನ್ನು ಅನುಮತಿಯಿಲ್ಲದೆ ಬಿಡುವುದು ಆಗ ಅಪರಾಧವಾಗಿತ್ತು.

ಅಟ್ಟದ ಪೆಟ್ಟಿಗೆ ಬಿಚ್ಚುವುದು ಮಳೆ ಮುಗಿದ ಮೇಲೆ. ಬೇಕಾದದ್ದು ನಂಬರಿನ ಬಿಲ್ಲೆ, ಬಿಡುಗಡೆ ಚೀಟಿ, ಪೆನ್ಶನ್ ಪುಸ್ತಕ, ಮನಿಆರ್ಡರ್ ಕೂಪನ್. ಕೂಪನ್ನಿನ ಅಂಚೆ ಮುದ್ರೆಯಲ್ಲಿ ವಾಸದ ಪ್ರದೇಶದ ಸುಳಿವು ಇರುತ್ತದೆ. ಎರಡೂ ಬದಿಯ ಫೋಟೋ ತೆಗೆಯಿರಿ. ಸೆಲ್ಲೋಟೇಪು ಅಂಟಿಸಬೇಡಿ, ಅಂಟು ಹಳದಿಗಟ್ಟಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಶನ್ ಅದಕ್ಕಿಂತ ಕಡೆ, ಬಿಸಿಗೆ ಸುಟ್ಟ ಕಾಗದ ಮರಳಿ ಬಾರದು.

ಹೆಸರಿನಲ್ಲೇ ಹೆಚ್ಚಿನವರು ಸೋಲುವುದು. ಮನೆತನ, ತಂದೆಯ ಹೆಸರು, ಜಾತಿಸೂಚಕ, ಇವುಗಳಲ್ಲಿ ಯಾವುದನ್ನು ಗುಮಾಸ್ತ ಕೊನೆಗೆ ಬರೆದನೋ ಅದರಡಿಯೇ ಪಟ್ಟಿ. ಕಾಸರಗೋಡನ್ನು ಇಂಗ್ಲಿಷಿನ 'ಕೆ', 'ಸಿ' ಎರಡರಲ್ಲೂ ಹುಡುಕಿ. 1956ರ ನವೆಂಬರ್ 1ರವರೆಗೆ ನಮ್ಮದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ, ಅದರ 'ಕೆನರಾ'ಕ್ಕೆ 'ಸಿ'. ಬೊಂಬಾಯಿ ಪ್ರಾಂತದ ಉತ್ತರ ಕನ್ನಡಕ್ಕೆ 'ಕೆ'. ಕೇರಳ ಎಂದು ಹುಡುಕಿದರೆ ಏನೂ ಸಿಗದು. ಹುಟ್ಟಿದ ವರ್ಷಕ್ಕೆ ಊರಿನ ಹಳೆ ಶಾಲೆಯ ದಾಖಲಾತಿ ಪುಸ್ತಕ ನೋಡಿ. ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸಿದ ತಾರೀಕಾಗಿದ್ದೀತು, ಒಂದೆರಡು ವರ್ಷ ಹಿಂದುಮುಂದು ಇಟ್ಟುಕೊಳ್ಳಿ.

ಆಮೇಲೆ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣ. ಕಾರ್ಮಿಕನ ಹೆಸರಿಗಿಂತ ಡಾಕ್‌ಯಾರ್ಡ್, ವರ್ಷ, ಕೂಲಿ, ಮುಷ್ಕರ ಎಂದು ಹುಡುಕಿದರೆ ಫಲ ಹೆಚ್ಚು. ಬೊಂಬಾಯಿ ಸರ್ಕಾರದ ಕಡತಗಳು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ರಾಜ್ಯ ಪತ್ರಾಗಾರದಲ್ಲಿವೆ.

ಸರ್ವಿಸ್ ಬುಕ್ಕಿಗೆ ಆ ಧಣಿಯ ಈಗಿನ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಿಲ್ಲೆ ನಂಬರು, ಪೆನ್ಶನ್ ನಂಬರು, ನೀವು ವಾರಸುದಾರರೆಂಬ ದಾಖಲೆ ಜೊತೆಗಿರಲಿ. "ದಾಖಲೆ ಲಭ್ಯವಿಲ್ಲ" ಎಂದು ಒಂದೇ ಸಾಲು ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ, ಪತ್ರಾಗಾರಕ್ಕೆ ಕಳಿಸಿದ ಅಥವಾ ನಾಶಪಡಿಸಿದ ಕಡತಗಳ ಪಟ್ಟಿಯನ್ನು ಬೇರೆ ಅರ್ಜಿಯಲ್ಲಿ ಕೇಳಿ.